ಹಳೇ ಮ್ಯಾಸಿ 35ರ ಹಿಂಚಕ್ರ ಅಲ್ಲಾಡುತ್ತಿದೆ, ಬೇರಿಂಗ್ ಹಾಕಿದರೂ ನಿಂತಿಲ್ಲ

ಪ್ರಶ್ನೆ: ನಮ್ಮ ತಂದೆಯವರ ಕಾಲದ ಮ್ಯಾಸಿ ಫರ್ಗುಸನ್ 35 ಟ್ರ್ಯಾಕ್ಟರ್ ಇದೆ. ಗದ್ದೆ ಉಳುಮೆಗೂ ತೋಟದ ಟ್ರೇಲರ್‌ಗೂ ಅದೇ. ಎಡಗಡೆ ಹಿಂಚಕ್ರ ಅಲ್ಲಾಡುತ್ತದೆ, ಬ್ರೇಕ್ ಡ್ರಮ್ ಒಳಗೆಲ್ಲ ಆಯಿಲ್. ಹೋದ ವರ್ಷ ಬೇರಿಂಗ್, ಆಯಿಲ್ ತಡೆಯುವ ಸೀಲ್ ಎರಡೂ ಹೊಸದು ಹಾಕಿಸಿದ್ದೆ. ಈ ಮಳೆಗಾಲದ ಉಳುಮೆ ಮುಗಿಯುವಷ್ಟರಲ್ಲಿ ಮತ್ತೆ ಅದೇ ಕಥೆ. ಚಕ್ರದ ಆಕ್ಸಲ್ ಶಾಫ್ಟಿಗೆ ಪಂಚ್ ಹೊಡೆದು ಟೈಟ್ ಮಾಡಿಕೊಡುತ್ತೇನೆ ಅನ್ನುತ್ತಾರೆ ಮೆಕ್ಯಾನಿಕ್. ಮಾಡಿಸಲಾ ಸರ್? (ಓದುಗರು, ಪೊನ್ನಂಪೇಟೆ)

ಉತ್ತರ: ಬೇಡ. ಪಂಚ್ ಹೊಡೆದರೆ ಶಾಫ್ಟ್ ಮೇಲೆ ಅಲ್ಲಲ್ಲಿ ಸಣ್ಣ ಉಬ್ಬು ಏಳುತ್ತದೆ, ಬೇರಿಂಗ್ ಆ ಉಬ್ಬುಗಳ ಮೇಲೆ ಮಾತ್ರ ಕೂತಿರುತ್ತದೆ. ನಾಲ್ಕು ದಿನ ಗದ್ದೆಯಲ್ಲಿ ತಿರುಗಿದರೆ ಉಬ್ಬೆಲ್ಲ ಸವೆದು ಮೊದಲಿಗಿಂತ ಜಾಸ್ತಿ ಸಡಿಲ. ವೆಲ್ಡಿಂಗ್ ತುಂಬಿಸಿ ಲೇತ್‌ನಲ್ಲಿ ಕಡೆಸುವುದು ಇನ್ನೂ ಅಪಾಯ, ಅದು ಹದ ಹಾಕಿದ ಉಕ್ಕು, ವೆಲ್ಡಿಂಗ್ ಬಿಸಿಗೆ ಹದ ಕೆಟ್ಟ ಜಾಗದಲ್ಲೇ ಒಂದು ದಿನ ತುಂಡಾಗುತ್ತದೆ. ನಿಮ್ಮ ಕಡೆಯ ಇಳಿಜಾರಿನಲ್ಲಿ ಲೋಡ್ ಟ್ರೇಲರ್ ಹಿಂದೆ ಇರುವಾಗ ಚಕ್ರ ಕಳಚಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ.

ಮೊದಲು ಅಲ್ಲಾಟ ಯಾವ ಥರದ್ದು ನೋಡಿ. ಕಾಫಿ ಒಣಗಿಸುವ ಸಿಮೆಂಟ್ ಕಣ ಇದ್ದರೆ ಅಲ್ಲೇ ಮಾಡಿ, ಒದ್ದೆ ಮಣ್ಣಲ್ಲಿ ಜಾಕಿ ಇಳಿದುಬಿಡುತ್ತದೆ. (ಕೆಳಗೆ ಟಾರ್ಪಾಲ್ ಹಾಸಿ. ಕಣಕ್ಕೆ ಗೇರ್ ಆಯಿಲ್ ಹಿಡಿದರೆ ಆ ವಾಸನೆ ಕಾಫಿಗೂ ಹತ್ತುತ್ತದೆ.) ಮುಂದಿನ ಚಕ್ರಕ್ಕೆ ಅಡೆ ಕೊಟ್ಟು ಎಡಗಡೆ ಎತ್ತಿ, ಆಕ್ಸಲ್ ಕೆಳಗೆ ಗಟ್ಟಿ ಮರದ ದಿಮ್ಮಿ ಇಡಿ. ಸಿಮೆಂಟ್ ಇಟ್ಟಿಗೆ ಬೇಡ, ಸಿಡಿಯುತ್ತದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಮೇಲಿನ ಭಾಗ ಒಳಗೆ ಬಂದಾಗ ಕೆಳಗಿನದು ಹೊರಗೆ ಹೋದರೆ ಬೇರಿಂಗೋ ಅದು ಕೂರುವ ಜಾಗವೋ ಸವೆದಿದೆ. ಇಡೀ ಚಕ್ರ ಒಳಗೆ ಹೊರಗೆ ಜಾರಿದರೆ ಶಿಮ್ (ಸಂದಿಗೆ ಇಡುವ ತೆಳು ತಗಡು) ಲೆಕ್ಕ ತಪ್ಪಿದೆ.

ಒಂದೇ ವರ್ಷಕ್ಕೆ ಹೊಸ ಬೇರಿಂಗ್ ಹೋಗಿದೆ ಅಂದರೆ ನನ್ನ ಅನುಮಾನ ಶಿಮ್ ಮೇಲೆ ಮತ್ತು ಬೇರಿಂಗ್ ಹಿಡಿದಿಡುವ ಕಾಲರ್ ಮೇಲೆ. ಈ ಗಾಡಿಯಲ್ಲಿ ಎರಡೂ ಕಡೆಯ ಆಕ್ಸಲ್ ಶಾಫ್ಟ್‌ಗಳು ಮಧ್ಯದಲ್ಲಿ ಒಂದಕ್ಕೊಂದು ಆನಿಕೊಂಡಿರುತ್ತವೆ. ಎಡಗಡೆ ಬಿಚ್ಚಿ ಶಿಮ್ ಸುಮ್ನೆ ಬಿಟ್ಟುಹಾಕಿದರೆ ಬಲಗಡೆ ಬೇರಿಂಗೂ ಕೆಡುತ್ತದೆ. ಟೈಟ್ ಆದರೆ ಬೇರಿಂಗಿನ ಟೇಪರ್ ರೋಲರ್ ಸುಟ್ಟುಹೋಗುತ್ತದೆ, ಲೂಸ್ ಆದರೆ ಶಾಫ್ಟ್ ಓಡಾಡಿ ಸೀಲ್ ಬಾಯಿ ಹರಿಯುತ್ತದೆ. ಸೀಲ್ ಹರಿದ ಮೇಲೆ ಕೆಸರು ನೀರು ಒಳಗೆ, ಆಯಿಲ್ ಹೊರಗೆ. ಶಾಫ್ಟ್ ಒಳಗೆ ಹೊರಗೆ ಓಡಾಡುವ ಆಟ ಎಷ್ಟಿರಬೇಕು ಅನ್ನುವುದು ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿದೆ. ಅದು ಕೈಗೆ ತಿಳಿಯುವ ಅಳತೆ ಅಲ್ಲ, ಸಣ್ಣ ಅಲ್ಲಾಟವನ್ನು ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟೇ ನೋಡಬೇಕು.

ಬಿಚ್ಚುವುದು ಕಷ್ಟವಿಲ್ಲ. ಎಡಗಡೆ ಎತ್ತಿದ್ದರೆ ಆಯಿಲ್ ಬಲಗಡೆಗೆ ಇಳಿದಿರುತ್ತದೆ, ಪೂರ್ತಿ ಖಾಲಿ ಮಾಡಬೇಕಾಗಿಲ್ಲ. ಆದರೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಅದನ್ನು ಚೆಲ್ಲಲೇಬೇಕು. ಗೇರ್, ಡಿಫರೆನ್ಷಿಯಲ್, ಹೈಡ್ರಾಲಿಕ್ ಎಲ್ಲಕ್ಕೂ ಅದೇ ಆಯಿಲ್, ಇಲ್ಲಿ ಜಿಪುಣತನ ಮಾಡಬೇಡಿ. ಚಕ್ರ, ಡ್ರಮ್, ಬ್ರೇಕ್ ರಾಡ್ ತೆಗೆದು ಸುತ್ತಲಿನ ನಟ್ ಬಿಚ್ಚಿ. ಶಾಫ್ಟ್ ಬರದಿದ್ದರೆ ಡ್ರಮ್ಮನ್ನೇ ತಿರುಗಾ ಹಾಕಿ, ವೀಲ್ ನಟ್‌ಗಳನ್ನು ಬೋಲ್ಟಿನ ತುದಿಗೆ ಮಾತ್ರ ಹಿಡಿಸಿ, ಎರಡೂ ಕೈಯಲ್ಲಿ ಹೊರಗೆ ಜಗ್ಗಿ ಜಗ್ಗಿ ಬಡಿಯಿರಿ. ಬಂದೇ ಬರುತ್ತದೆ.

ನಿಜವಾದ ಕೆಲಸ ಕಾಲರ್‌ದು. ಬೇರಿಂಗ್ ಜಾರದ ಹಾಗೆ ಹಿಡಿದಿರುವ ದಪ್ಪ ಉಂಗುರ ಅದು. ಸಾಮಾನ್ಯ ಪುಲ್ಲರ್‌ಗೆ ಜಗ್ಗುವುದಿಲ್ಲ. ದೊಡ್ಡ ಪ್ರೆಸ್ ಇರುವ ವರ್ಕ್‌ಶಾಪಿಗೆ ಒಯ್ಯಿರಿ. ಇಲ್ಲದಿದ್ದರೆ ಕಾಲರ್‌ಗೆ ಡ್ರಿಲ್ ಹಾಕಿ, ಶಾಫ್ಟಿಗೆ ತಾಗುವ ಮೊದಲೇ ನಿಲ್ಲಿಸಿ, ಅಲ್ಲಿ ಉಳಿ ಇಟ್ಟು ಬಲವಾಗಿ ಹೊಡೆದರೆ ಟಣ್ ಅಂತ ಸೀಳುತ್ತದೆ. ಕನ್ನಡಕ ಹಾಕಿಕೊಳ್ಳಿ, ಚೂರು ಹಾರುತ್ತದೆ. ಹಳೇ ಕಾಲರ್ ಮತ್ತೆ ಹಾಕಬಾರದು. ಹೋದ ವರ್ಷ ಹೊಸ ಕಾಲರ್ ಹಾಕಿದ್ದರಾ ಅಂತ ಬಿಲ್ ತೆಗೆದು ನೋಡಿ.

ಶಾಫ್ಟ್ ಒರೆಸಿ ಬೇರಿಂಗ್ ಕೂರುವ ಜಾಗವನ್ನು ಮೈಕ್ರೋಮೀಟರ್‌ನಲ್ಲಿ ಅಳೆಸಿ. ಸೀಲ್ ಉಜ್ಜುವಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ತೆಳು ಉಕ್ಕಿನ ಸ್ಲೀವ್ ಏರಿಸಬಹುದು. ಬೇರಿಂಗ್ ಕೂರುವ ಜಾಗವೇ ಸವೆದು ಕೈಯಲ್ಲಿ ತಳ್ಳಿದರೆ ಬೇರಿಂಗ್ ಹೋಗುತ್ತದೆ ಅಂದರೆ ಮಾತ್ರ ಬೇರೆ ಶಾಫ್ಟ್ ಹುಡುಕಿ, ಗುಜರಿಯಲ್ಲಿ ಸಿಕ್ಕ ಒಳ್ಳೇ ಶಾಫ್ಟ್ ಆದರೂ ಪರವಾಗಿಲ್ಲ.

ಜೋಡಿಸುವಾಗ ಬ್ಯಾಕ್ ಪ್ಲೇಟ್ (ಬ್ರೇಕ್ ಕೂರುವ ತಟ್ಟೆ), ಹೊರಗಿನ ಸೀಲ್, ಅದರ ಹೌಸಿಂಗ್ ಮೊದಲು ಶಾಫ್ಟಿಗೆ ಹೋಗಬೇಕು, ಆಮೇಲೆ ಬೇರಿಂಗ್, ಕೊನೆಗೆ ಕಾಲರ್. ಒಂದು ಮರೆತರೆ ಹೊಸ ಕಾಲರ್ ಸೀಳಬೇಕಾಗುತ್ತದೆ. ಬೇರಿಂಗ್‌ಗೆ ಗ್ಯಾಸ್ ಜ್ವಾಲೆ ಹಿಡಿಸಬೇಡಿ. ಎಣ್ಣೆಯಲ್ಲಿ ಮುಳುಗಿಸಿ ಕಾಯಿಸಿ, 120 ಡಿಗ್ರಿ ದಾಟಬಾರದು.

ಆಯಿಲ್ ಕುಡಿದ ಬ್ರೇಕ್ ಲೈನರ್ ಪೆಟ್ರೋಲಿನಲ್ಲಿ ತೊಳೆದು ಹಾಕುತ್ತೇವೆ ಅಂದರೆ ಒಪ್ಪಬೇಡಿ, ಎರಡೂ ಕಡೆ ಹೊಸದು ಹಾಕಿಸಿ. ಒಂದೇ ಕಡೆ ಹಿಡಿಯುವ ಬ್ರೇಕ್ ಇಳಿಜಾರಿನಲ್ಲಿ ಗಾಡಿಯನ್ನು ಪಕ್ಕಕ್ಕೆ ಎಳೆಯುತ್ತದೆ. ಲೋಡ್ ಇಲ್ಲದೆ ಸ್ವಲ್ಪ ದೂರ ಓಡಿಸಿ ಬಂದು ಎರಡೂ ಹಬ್ ಮುಟ್ಟಿ ನೋಡಿ. ಎಡಗಡೆಯದು ಕೈ ಇಡಲಾಗದಷ್ಟು ಬಿಸಿ ಇದ್ದರೆ, ಬ್ರೇಕ್ ಉಜ್ಜುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಟೈಟ್ ಬಿಡಿಸಲು ಒಂದು ಶಿಮ್ ಸೇರಿಸಿ ಮತ್ತೆ ಅಳೆಯಿರಿ.