ಮೂರು ವಚನ, ಹತ್ತು ಜನ

ಮುಂಬೈ ಪಕ್ಕದ ಠಾಣೆ ಊರಿನ ಬೆನೆ ಇಸ್ರೇಲ್ (ಮಹಾರಾಷ್ಟ್ರದ ಯಹೂದಿ ಸಮುದಾಯ) ಕುಟುಂಬದ ಹುಡುಗ, ಸಲಹೆಗೆಂದು ನನ್ನ ಬಳಿ ಬಂದಿದ್ದ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಹನ್ನೆರಡೂವರೆ ವರ್ಷ, ಮಾತಿನಲ್ಲಿ ಉಗ್ಗು. 13 ತುಂಬಿದಾಗ ಬಾರ್ ಮಿಟ್ಜ್ವಾ, ಅಂದರೆ ಹುಡುಗ ಧರ್ಮದ ಲೆಕ್ಕದಲ್ಲಿ ದೊಡ್ಡವನಾದ ಎನ್ನುವ ಆಚರಣೆ. ಯಹೂದಿ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಎಲ್ಲರೆದುರು ಅವರ ಧರ್ಮಗ್ರಂಥ ತೋರಾ ಓದಬೇಕು. ಅದನ್ನು ಬರೆದ ಸುರುಳಿಯಲ್ಲಿ ಸ್ವರಚಿಹ್ನೆಯೂ ಇಲ್ಲ, ರಾಗದ ಗುರುತೂ ಇಲ್ಲ. ಉಗ್ಗಿಲ್ಲದವರಿಗೇ ಬೆವರಿಳಿಯುತ್ತದೆ.

ಮೂರು ವಾರದಿಂದ ಹೊಟ್ಟೆನೋವು ಅಂತ ಪಾಠ ತಪ್ಪಿಸುತ್ತಿದ್ದ. "ಬಿಡಿ, ಮನೆಯಲ್ಲೇ ಸಣ್ಣದಾಗಿ ಮಾಡಿ ಮುಗಿಸೋಣ" ಅಂದರು ತಾಯಿ. ನನಗದು ಸರಿ ಕಾಣಲಿಲ್ಲ. ಹೆದರಿದ್ದನ್ನು ಒಮ್ಮೆ ತಪ್ಪಿಸಿಕೊಂಡರೆ ಆ ಹೊತ್ತಿಗೆ ಹಗುರ, ಮುಂದಿನ ಸಲ ಭಯ ಜಾಸ್ತಿ.

ನಾನು ಅವರ ಧರ್ಮದವಳಲ್ಲ. ಅದಕ್ಕೇ ತೋರಾದಲ್ಲಿ ಬರುವ ಪ್ರವಾದಿ ಮೋಶೆಯ ಕಥೆಯನ್ನು ಅವನಿಂದಲೇ ಹೇಳಿಸಿದೆ. ಈಜಿಪ್ಟಿನ ರಾಜನ ಬಳಿ ಹೋಗಿ ಮಾತಾಡು ಎಂದು ದೇವರು ಹೇಳಿದಾಗ, ಉರಿಯುವ ಪೊದೆಯ ಮುಂದೆ ಮೋಶೆ ನೆಪದ ಮೇಲೆ ನೆಪ ಹೇಳುತ್ತಾನೆ. ನನ್ನ ಬಾಯಿ ಭಾರ, ನಾಲಿಗೆ ಭಾರ ಎನ್ನುತ್ತಾನೆ. ಕೊನೆಗೆ, ಬೇರೆ ಯಾರನ್ನಾದರೂ ಕಳಿಸು ಅಂತಲೂ ಬೇಡುತ್ತಾನೆ.

"ಆಗ ದೇವರು ನಾಲಿಗೆ ಸರಿಮಾಡಿದನಾ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. "ಇಲ್ಲ. ಅ... ಅ... ಅಣ್ಣನನ್ನು ಜೊತೆಗೆ ಕೊಟ್ಟ."

ನನ್ನ ಸಲಹೆ ಅಲ್ಲಿಂದಲೇ ಹುಟ್ಟಿತು. ಓದುವವನ ಪಕ್ಕದಲ್ಲಿ ತಪ್ಪು ತಿದ್ದಲು ಹೇಗೂ ಒಬ್ಬರು ನಿಲ್ಲುತ್ತಾರೆ. ಮೋಶೆಗೆ ಅಣ್ಣ ಆರೋನನಿದ್ದ ಹಾಗೆ, ಆ ಜಾಗಕ್ಕೆ ಅಜ್ಜ ಬರಲಿ. ಒಂದೇ ಷರತ್ತು: ಮಾತು ಸಿಕ್ಕಿಕೊಂಡರೆ ಅವರು ಪದ ಪೂರ್ತಿ ಮಾಡಬಾರದು, ಕಾಯಬೇಕು. (ಇದು ಮೊಮ್ಮಗನಿಗಿಂತ ಅಜ್ಜನಿಗೇ ಕಷ್ಟವಾಯಿತು.) ಓದುವುದು ಮೂರೇ ವಚನ, ಒಂದು ಸರದಿಗೆ ಅಷ್ಟು ಸಾಕು ಎಂದು ಹೇಳಿದ್ದೂ ಅಜ್ಜನೇ. ಮೊದಲು ಗೋಡೆಗೆ ಓದು, ಆಮೇಲೆ ಅಜ್ಜಿಗೆ, ಆಮೇಲೆ ಖಾಲಿ ಸಿನಗಾಗ್‌ನಲ್ಲಿ, ಕೊನೆಗೆ ಹತ್ತು ಜನರೆದುರು ಅಂದೆ. ಅಲ್ಲಿ ಸಾಮೂಹಿಕ ಓದಿಗೆ ಕನಿಷ್ಠ ಹತ್ತು ಮಂದಿ ಬೇಕೇ ಬೇಕು. ತೋರಾವನ್ನು ರಾಗವಾಗಿ ಓದುತ್ತಾರೆ, ಹಾಡುವಾಗ ಹಲವರಿಗೆ ಉಗ್ಗು ಕಮ್ಮಿಯಾಗುತ್ತದೆ. ಹಾಗಂತ ಉಗ್ಗುವುದೇ ಇಲ್ಲ ಎಂದು ಮಾತು ಕೊಡಲಿಲ್ಲ. ಸ್ಪೀಚ್ ಥೆರಪಿ ನಿಲ್ಲಿಸಬೇಡಿ ಎಂದೂ ಹೇಳಿದೆ.

ಐದನೇ ವಾರ ಅವನೇ ಒಂದು ಸುದ್ದಿ ತಂದ. "ನಾನು ಮಾತಿನವನಲ್ಲ" ಅಂದಿದ್ದ ಮೋಶೆ, ತೋರಾದ ಐದನೇ ಪುಸ್ತಕದಲ್ಲಿ ಹೆಚ್ಚುಕಮ್ಮಿ ಪೂರ್ತಿ ಮಾತಾಡುತ್ತಲೇ ಇರುತ್ತಾನೆ. ಆ ಪುಸ್ತಕದ ಹೀಬ್ರೂ ಹೆಸರೇ ದೆವಾರಿಮ್, ಅಂದರೆ ಮಾತುಗಳು. ನನಗದು ಗೊತ್ತಿರಲಿಲ್ಲ.

ಬಾರ್ ಮಿಟ್ಜ್ವಾದ ಶನಿವಾರ ನಾನು ಹೋಗಿರಲಿಲ್ಲ. ತಾಯಿ ಬಂದು ಹೇಳಿದರು. ಎರಡನೇ ವಚನದಲ್ಲಿ ಸಿಕ್ಕಿಕೊಂಡನಂತೆ. ಅಜ್ಜ ತಡೆಯಲಾರದೆ ಬಾಯಿ ತೆರೆದರಂತೆ. ಓದುವ ಸಾಲು ತೋರಿಸುವ ಬೆಳ್ಳಿಯ ಕಡ್ಡಿಯನ್ನು ಅಕ್ಷರದ ಮೇಲಿಂದ ತೆಗೆಯದೆ, ಇನ್ನೊಂದು ಕೈ ಎತ್ತಿ ಅಜ್ಜನನ್ನು ತಡೆದು, ತಾನೇ ಓದಿದನಂತೆ.