ಸೋಂಕು ಬಂದಿದ್ದು ಶ್ವಾಸಕೋಶಕ್ಕೆ, ಪೆಟ್ಟು ಬಿದ್ದಿದ್ದು ಕಿಡ್ನಿಗೆ!

ಪ್ರಶ್ನೆ: ತಂದೆಗೆ 61 ವರ್ಷ, ಸಕ್ಕರೆ ಕಾಯಿಲೆ ಇದೆ. ಕೊರೊನಾ ಜೋರಾಗಿ ವೆಂಟಿಲೇಟರ್ ಹಾಕಿದ್ದಾಗ ಮೂತ್ರ ತೀರಾ ಕಡಿಮೆಯಾಯಿತು, ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ, ಕಿಡ್ನಿ ಸೋತರೆ ಏರುತ್ತದೆ) 4 ದಾಟಿತು, ಮೂರು ಸಲ ಡಯಾಲಿಸಿಸ್ ಮಾಡಿದರು. ಈಗ ಮನೆಗೆ ಬಂದಿದ್ದಾರೆ, ಕ್ರಿಯಾಟಿನಿನ್ 1.4 ಇದೆ. ಕಿಡ್ನಿ ಹೋದಂತೆಯೇ? ನೀರು ಜಾಸ್ತಿ ಕುಡಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲ, ಹೋಗಿಲ್ಲ. ಡಯಾಲಿಸಿಸ್ ಅಂದ ಕೂಡಲೇ ಇನ್ನು ಜೀವನಪೂರ್ತಿ ಇದೇ ಗತಿ ಅಂದುಕೊಳ್ಳುವವರೇ ಹೆಚ್ಚು. ನಿಮ್ಮ ತಂದೆಗೆ ಆದದ್ದು ಕೆಲವೇ ದಿನಗಳಲ್ಲಿ ದಿಢೀರನೆ ಆದ ಪೆಟ್ಟು. ವರ್ಷಗಟ್ಟಲೆ ಸವೆದು ಕೈಕೊಡುವ ಕಿಡ್ನಿಯ ಕಥೆಯೇ ಬೇರೆ. ಇಲ್ಲಿ ಡಯಾಲಿಸಿಸ್ ಕೆಲಸ ಏನಪ್ಪಾ ಅಂದರೆ, ಕಿಡ್ನಿ ಸುಧಾರಿಸಿಕೊಳ್ಳುವವರೆಗೆ ರಕ್ತದ ಕಸ ತೆಗೆಯುವುದು, ಅಷ್ಟೇ.

ಶ್ವಾಸಕೋಶದ ಕಾಯಿಲೆಗೆ ಕಿಡ್ನಿ ಯಾಕೆ ಸಿಕ್ಕಿಕೊಂಡಿತು ಅಂತ ಅನ್ನಿಸುವುದು ಸಹಜ. ಹೃದಯ ದೂಡುವ ರಕ್ತದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಕಿಡ್ನಿಗೇ ಬೇಕು. ಜ್ವರ, ಭೇದಿಯಿಂದ ಮೈಯ ನೀರು ಇಳಿದು, ಬಿಪಿ ಬಿದ್ದು, ಆಮ್ಲಜನಕವೂ ಕಡಿಮೆಯಾದರೆ ಕಿಡ್ನಿಯೊಳಗೆ ಮೂತ್ರ ತಯಾರಾಗುವ ಸಣ್ಣ ನಾಳಗಳ ಜೀವಕೋಶಗಳು ಸೊರಗಿಬಿಡುತ್ತವೆ. ಅದರ ಮೇಲೆ ಸೋಂಕಿನ ಉರಿಯೂತ, ಸಣ್ಣ ರಕ್ತನಾಳಗಳಲ್ಲಿ ಹೆಪ್ಪು, ಕಿಡ್ನಿಗೆ ಭಾರವಾಗುವ ಕೆಲವು ಔಷಧಿಗಳು. ವೈರಸ್ ನೇರವಾಗಿ ಕಿಡ್ನಿಗೇ ನುಗ್ಗುತ್ತದೆಯೇ ಎಂಬ ವಾದ ಬಹಳ ನಡೆದಿದೆ, ಆದರೆ ಹೆಚ್ಚಿನವರಲ್ಲಿ ಕಾಣುವುದು ಮೂತ್ರದ ಆ ಸಣ್ಣ ನಾಳಗಳಿಗೆ ಬಿದ್ದ ಪೆಟ್ಟೇ. ಇದು ಅಪರೂಪವೂ ಅಲ್ಲ. 2020ರಲ್ಲಿ ನ್ಯೂಯಾರ್ಕ್ ಭಾಗದ ಆಸ್ಪತ್ರೆಗಳಿಗೆ ಸೇರಿದ 5,449 ಕೊರೊನಾ ರೋಗಿಗಳಲ್ಲಿ ನೂರಕ್ಕೆ ಸುಮಾರು 37 ಮಂದಿಗೆ ಹೀಗಾಗಿತ್ತು, ವೆಂಟಿಲೇಟರ್ ಹಾಕಿದವರಲ್ಲಂತೂ ನೂರಕ್ಕೆ 90ರಷ್ಟು!

ನೀರಿನ ವಿಷಯ. ಬಾಯಾರಿದಷ್ಟು ಕುಡಿಯಲಿ, ಬಲವಂತವಾಗಿ ಕುಡಿಸಬೇಡಿ. ಕಾಲು ಊದಿದ್ದರೆ ಅಥವಾ ಮೂತ್ರ ಕಡಿಮೆಯಿದ್ದರೆ ಎಷ್ಟು ಕುಡಿಯಬೇಕು ಅಂತ ವೈದ್ಯರೇ ಹೇಳಬೇಕು. ಮೈಕೈ ನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ಮಾತ್ರೆಗಳನ್ನು ಸುಮ್ನೆ ಅಂಗಡಿಯಿಂದ ತಂದು ಕೊಡಲೇಬೇಡಿ. ಸಕ್ಕರೆ, ಬಿಪಿ ಮಾತ್ರೆಗಳನ್ನು ಈಗಿನ ಕ್ರಿಯಾಟಿನಿನ್ ತೋರಿಸಿ ಇನ್ನೊಮ್ಮೆ ಕೇಳಿ, ಡೋಸ್ ಬದಲಾಗಬೇಕಿರಬಹುದು. ನೀವಾಗಿ ನಿಲ್ಲಿಸಬೇಡಿ.

1.4 ಒಳ್ಳೆಯದೋ ಕೆಟ್ಟದ್ದೋ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಕಾಯಿಲೆಗೆ ಮುಂಚಿನ ಹಳೇ ರಿಪೋರ್ಟ್ ಮನೆಯಲ್ಲಿ ಇದೆಯಾ ಹುಡುಕಿ. ಆಗಲೂ 1.3 ಇದ್ದಿದ್ದರೆ ಕಿಡ್ನಿ ಹತ್ತಿರಹತ್ತಿರ ಮೊದಲಿನ ಜಾಗಕ್ಕೆ ಬಂದಿದೆ ಅನ್ನಬಹುದು, 0.8 ಇದ್ದಿದ್ದರೆ ಇನ್ನೂ ದೂರ ಇದೆ. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ: ಕ್ರಿಯಾಟಿನಿನ್ ಬರುವುದು ಸ್ನಾಯುಗಳಿಂದ, ವಾರಗಟ್ಟಲೆ ಮಲಗಿ ಸ್ನಾಯು ಕರಗಿದವರಲ್ಲಿ ಈ ಸಂಖ್ಯೆ ನಿಜಕ್ಕಿಂತ ಚೆನ್ನಾಗಿ ಕಾಣಿಸುತ್ತದೆ. ಹಾಗಾಗಿ ಪೆಟ್ಟು ಬಿದ್ದು ಮೂರು ತಿಂಗಳಾಗುವ ಹೊತ್ತಿಗೆ ರಕ್ತದ ಜೊತೆ ಮೂತ್ರವನ್ನೂ ಪರೀಕ್ಷೆ ಮಾಡಿಸಿ, ಪ್ರೊಟೀನ್ ಸೋರುತ್ತಿದೆಯೇ ನೋಡಿಸಿ. ಸಕ್ಕರೆ ಕಾಯಿಲೆ ಬೇರೆ ಇದೆಯಲ್ವಾ, ಈ ಪರೀಕ್ಷೆಯನ್ನು ಮಾತ್ರ ತಪ್ಪಿಸಬೇಡಿ.