ಗರ್ಡರಿನ ಮೇಲಿರುವುದು ಸೇತುವೆ ಕಟ್ಟಿದವರ ಹೆಸರೇ?

ಶಿರಸಿ ಕಡೆಯ ನಿಮ್ಮೂರ ಹೊಳೆಗೆ ಹಳೆಯ ಕಬ್ಬಿಣದ ಸೇತುವೆ ಇದೆ, ಗರ್ಡರಿನ, ಅಂದರೆ ಭಾರ ಹೊರುವ ಉಕ್ಕಿನ ತೊಲೆಯ, ಮೇಲೆ 'ಡಾರ್ಮನ್ ಲಾಂಗ್, ಮಿಡಲ್ಸ್‌ಬರೋ, ಇಂಗ್ಲೆಂಡ್' ಎಂದಿದೆ, ಕಟ್ಟಿದ್ದು ಅವರೇನಾ ಎಂದು ಕೇಳಿದ್ದೀರಿ.

ಅಷ್ಟರಿಂದಲೇ ಹಾಗೆ ಹೇಳಲು ಬರುವುದಿಲ್ಲ. ಅದು ಉಕ್ಕು ತಯಾರಿಸಿದ ಕಾರ್ಖಾನೆಯ ಗುರುತು. ಕಾದ ಉಕ್ಕು ರೋಲರ್‌ಗಳ ನಡುವೆ ಹಾದು ಬರುವಾಗಲೇ ಆ ಅಕ್ಷರ ಉಬ್ಬಿ ಮೂಡುತ್ತದೆ. ಆಮೇಲೆ ಆ ತೊಲೆಯನ್ನು ಯಾರು ಬೇಕಾದರೂ ಕೊಳ್ಳಬಹುದಿತ್ತು. ಹಳೇ ಗೋದಾಮುಗಳ ಮಾಳಿಗೆಯಲ್ಲೂ ಇದೇ ಹೆಸರು ಸಿಗುತ್ತದೆ. ಗೊಂದಲ ಆಗುವುದು ಸಹಜ, ಯಾಕೆಂದರೆ ಡಾರ್ಮನ್ ಲಾಂಗ್ ಸೇತುವೆಗಳನ್ನೂ ಕಟ್ಟಿದೆ. 1932ರ ಸಿಡ್ನಿ ಹಾರ್ಬರ್ ಸೇತುವೆ ಅವರದ್ದೇ. ಆದರೆ ಹೌರಾ ಸೇತುವೆ ನೋಡಿ. ಅದರ 26,500 ಟನ್ ಉಕ್ಕಿನಲ್ಲಿ 23,000 ಟನ್ ಟಾಟಾದ್ದು. ಕಟ್ಟಿದ್ದು ಬ್ರೈತ್‌ವೇಟ್, ಬರ್ನ್, ಜೆಸಪ್ ಮೂವರೂ ಸೇರಿ ಮಾಡಿಕೊಂಡ ಕಂಪನಿ.

ಈ ಗುರುತು ಕಾಲ ಹೇಳಲು ಮಾತ್ರ ತುಂಬಾ ಉಪಯೋಗ. ಡಾರ್ಮನ್ ಲಾಂಗ್ ಶುರುವಾದದ್ದೇ 1875ರಲ್ಲಿ. ಜಮ್ಶೆಡ್‌ಪುರದಲ್ಲಿ ಟಾಟಾ ಉಕ್ಕು ಬಂದದ್ದು 1912ರಲ್ಲಿ. ಮುಖ್ಯ ತೊಲೆಗಳಲ್ಲಿ ಟಾಟಾ ಹೆಸರೂ ಇದ್ದರೆ ಸೇತುವೆ ಅದಕ್ಕಿಂತ ಈಚಿನದ್ದು. ಒಂದೇ ತುಂಡಿನಲ್ಲಿದ್ದರೆ ರಿಪೇರಿಗೆ ಹಾಕಿದ್ದೂ ಆಗಿರಬಹುದು, ಅಲ್ವಾ?

ಕಟ್ಟಿದವರ ಹೆಸರಿಗೆ ಬೋಲ್ಟ್ ಹಾಕಿ ಕೂರಿಸಿದ ಬಿಡಿ ಫಲಕ ಹುಡುಕಿ. ಸೇತುವೆ ಹೊಗುವಾಗ ತಲೆಯ ಮೇಲೆ ಬರುವ ಅಡ್ಡಪಟ್ಟಿಯಲ್ಲೋ, ತುದಿಯ ಓರೆ ಕಂಬದಲ್ಲೋ ಇರುತ್ತದೆ. ಬಣ್ಣದ ಮೇಲೆ ಬಣ್ಣ ಬಳಿದು ಅಕ್ಷರ ಮುಚ್ಚಿದ್ದರೆ ದಯವಿಟ್ಟು ತಂತಿ ಬ್ರಷ್ ಹಾಕಬೇಡಿ. ನಾನೊಮ್ಮೆ ಅವಸರದಲ್ಲಿ ಹಾಗೆ ಉಜ್ಜಿದ್ದೆ. ಒಂದೇ ಮಳೆಗಾಲಕ್ಕೆ ಅಲ್ಲಿ ತುಕ್ಕು ಹಿಡಿಯಿತು. ಇವತ್ತಿಗೂ ಆ ಬೇಜಾರಿದೆ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸಾಕು, ಅಕ್ಷರದ ನೆರಳು ಎದ್ದು ಕಾಣುತ್ತದೆ.

ಫಲಕ ಸಿಗದಿದ್ದರೆ ಕಾಗದಪತ್ರವೇ ಗತಿ. ಅದಕ್ಕೆ ಸುಮ್ನೆ ಬೆಂಗಳೂರಿಗೆ ಓಡಬೇಡಿ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಆ ಕಾಲದ ರಸ್ತೆ, ಸೇತುವೆಯ ಕಡತಗಳನ್ನು ಮೊದಲು ಕೇಳಬೇಕಾದ್ದು ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರದ ಪತ್ರಾಗಾರದಲ್ಲಿ. ಹೋಗುವ ಮೊದಲು 1883ರ ಕೆನರಾ ಗೆಜೆಟಿಯರ್, ಅಂದರೆ ಆಗಿನ ಸರ್ಕಾರ ಹೊರತಂದ ಜಿಲ್ಲೆಯ ವಿವರಗಳ ಪುಸ್ತಕ, ತೆರೆದು ನೋಡಿ, ಇಂಟರ್ನೆಟ್ಟಿನಲ್ಲೇ ಸಿಗುತ್ತದೆ. ನಿಮ್ಮ ಜಾಗದಲ್ಲಿ ದೋಣಿ ದಾಟಿಸುತ್ತಿದ್ದರು ಎಂದು ಅದರಲ್ಲಿದ್ದರೆ, ಸೇತುವೆ ಆಮೇಲಿನದ್ದು.

ಮಳೆ ಹಿಡಿಯುವ ಮೊದಲೇ ಹೋಗಿ. ಕೆಳಗಿನ ತೊಲೆಗಳ ಗುರುತು ಹೊಳೆಗೆ ಇಳಿದರೆ ಮಾತ್ರ ಕಾಣುತ್ತದೆ. ಫೋಟೋ ಹಾಕಿ, ಸೇರಿ ಓದೋಣ.